ಗಣಿದೊಡ್ಡಿಯ ಒಳಬಾವಿ

ಭಾನುವಾರ ಬೆಳಿಗ್ಗೆ ಕೋಮಲ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಬಾಗಿಲಲ್ಲಿ ಸುವರ್ಣಮ್ಮನ ದನಿ ಕೇಳಿತು. ಶಾಗ್ಯದಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು. ಬರುತ್ತೇನೆಂದು ಹೇಳಿರಲಿಲ್ಲ. ಹೆಗಲಲ್ಲಿ ಖಾಲಿ ಬ್ಯಾಗು, ಕೈಯಲ್ಲಿ ಸೀಬೆಹಣ್ಣಿನ ಕವರು.

“ಮಗೂನ ಕಾಡ್ ಕಡೀಕೆ ಕರ್ಕಂಡೋಯ್ತಿದ್ದೀರಂತೆ. ನಾನೂ ಬತ್ತೀನಿ,” ಎಂದಳು ಚಪ್ಪಲಿ ಬಿಡುತ್ತ.

ಸುವರ್ಣಮ್ಮ ಕೋಮಲಳ ಅತ್ತೆಯಲ್ಲ. ಅವಳ ಗಂಡ ಶಿವಕುಮಾರಸ್ವಾಮಿಯ ಮೊದಲ ಹೆಂಡತಿಯ ತಾಯಿ. ಆ ಹೆಂಡತಿ ಡೆಂಗಿ ಜ್ವರದಲ್ಲಿ ತೀರಿಕೊಂಡ ಎರಡು ವರ್ಷದ ಮೇಲೆ, ಕೊಳ್ಳೇಗಾಲದಲ್ಲಿ ಅರಿಶಿನದ ಮಂಡಿ ಇಟ್ಟಿದ್ದ ಶಿವಕುಮಾರಸ್ವಾಮಿ ಯಳಂದೂರಿನ ಕೋಮಲಳನ್ನು ಕಟ್ಟಿಕೊಂಡಿದ್ದ. ಮೂವತ್ತು ದಾಟಿದರೂ ಮದುವೆಯಾಗದೆ ಊರಿನಲ್ಲಿ ಬ್ಲೌಸ್ ಹೊಲೆದುಕೊಂಡಿದ್ದ ಹೆಣ್ಣು ಅವಳು. ಮೊದಲ ಹೆಂಡತಿಯ ಮಗಳು ಶಿವರಂಜನಿಗೆ ಈಗ ಏಳು ವರ್ಷ. ಎಲ್ಲರೂ ರಂಜನಿ ಎನ್ನುತ್ತಿದ್ದರು. ಅವಳು ಮಾತ್ರ ಕೋಮಲಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಬೇಕಾದಾಗ ಎದುರು ಬಂದು ನಿಂತು, “ನೀವು ಟಿಫಿನ್ ಬಾಕ್ಸ್ ಕೊಡಿ,” ಎನ್ನುವಳು. ನೆಂಟರ ಮನೆಯ ಹೆಂಗಸಿನೊಂದಿಗೆ ಮಾತಾಡುವ ಹಾಗೆ.

ಸುವರ್ಣಮ್ಮನನ್ನು ಏನೆಂದು ಕರೆಯಬೇಕೆಂದು ಕೋಮಲಳಿಗೂ ಗೊತ್ತಿರಲಿಲ್ಲ. ಮಗು ಕರೆಯುವಂತೆ ಅಜ್ಜಿ ಎಂದೇ ಕರೆಯುತ್ತಿದ್ದಳು.

ಆ ಮನೆಗೆ ಬಂದಾಗಿನಿಂದ ಕೋಮಲಳಿಗೆ ಒಂದು ಹೆದರಿಕೆ ಅಂಟಿಕೊಂಡಿತ್ತು. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಆದರೂ ರಂಜನಿ ಸೀನಿದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಆಷಾಢದಲ್ಲಿ ಮಗುವಿಗೆ ಜ್ವರ ಬಂದಾಗ ಸುವರ್ಣಮ್ಮ ಫೋನಿನಲ್ಲಿ ಕೇಳಿದ ಮೊದಲ ಮಾತು, “ಏನ್ ತಿನ್ನಕ್ಕೆ ಕೊಟ್ಟಿದ್ದೆ?” ಎಂದು. ಅಂದಿನಿಂದ ಕೋಮಲ ಮಗುವಿಗೆ ಬಡಿಸುವ ಅನ್ನವನ್ನು ತಾನು ಮೊದಲು ಉಂಡು ನೋಡುತ್ತಿದ್ದಳು. ಗೌರಿ ಹಬ್ಬಕ್ಕೆ ಬಂದಾಗ ಸುವರ್ಣಮ್ಮ ಅಳಿಯನಿಗೆ ನೇರವಾಗಿ ಹೇಳಿದ್ದಳು: “ಮಗು ನನ್ ತಾವಿರ್ಲಿ. ನೀವ್ ಒಸ ಸಂಸಾರ ಮಾಡ್ಕಳಿ.” ಆಮೇಲೆ ನೋಡೋಣ ಎಂದು ಅವನು ಮಾತು ಹಾರಿಸಿದ್ದ. ಹಾಗಾಗಿ ಆ ಖಾಲಿ ಬ್ಯಾಗು ಯಾತಕ್ಕೆ ಬಂದಿದೆಯೆಂದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಗಣಿದೊಡ್ಡಿಗೆ ಹೋಗುವ ಯೋಚನೆ ಶಿವಕುಮಾರಸ್ವಾಮಿಯದು. ಈಗ ಸುವರ್ಣಮ್ಮನೂ ಸೇರಿ ನಾಲ್ವರೂ ಒಂದು ದಿನ ಸಂತೋಷವಾಗಿದ್ದು ಬಂದರೆ ಎಲ್ಲ ಸರಿಹೋಗುತ್ತದೆಂದು ಅವನು ನಂಬಿದ್ದ.

ಕಾರು ಲೊಕ್ಕನಹಳ್ಳಿ ದಾಟಿದ ಮೇಲೆ ರಸ್ತೆ ಕಿರಿದಾಯಿತು. ಮುಸುಕಿನ ಜೋಳದ ಹೊಲಗಳಲ್ಲಿ ಕಾವಲಿನ ಅಟ್ಟಣೆಗಳು ನಿಂತಿದ್ದವು. ಒಂದು ಹೊಲ ಪೂರ್ತಿ ತುಳಿದು ಹೋಗಿತ್ತು. ರಸ್ತೆಯ ನಡುವೆ ಇನ್ನೂ ಒಣಗದ ಆನೆ ಲದ್ದಿ ಬಿದ್ದಿತ್ತು.

“ಇದ್ಯಾಕಪ್ಪ ಇಲ್ಲಿಗ್ ಬರ್ಬೇಕಾಗಿತ್ತು,” ಎಂದಳು ಸುವರ್ಣಮ್ಮ. ಅವಳು ಕೂಡ ಹೆದರಿದ್ದಾಳೆಂದು ಕೋಮಲಳಿಗೆ ಅನಿಸಿತು. ಮಗಳನ್ನು ಕಳೆದುಕೊಂಡವಳು. ರಂಜನಿಯ ಸೊಂಟವನ್ನು ದಾರಿಯುದ್ದಕ್ಕೂ ಬಿಡದೆ ಹಿಡಿದೇ ಕೂತಿದ್ದಳು.

ಗಣಿದೊಡ್ಡಿ ಕಾಡಂಚಿನ ಗುಡ್ಡದ ಮಗ್ಗುಲಲ್ಲಿದ್ದ ಊರು. ಊರೆಂದರೆ ಈಗ ಅಲ್ಲಿ ಯಾರೂ ಇಲ್ಲ. ನೂರು ವರ್ಷಕ್ಕೂ ಹಿಂದೆ ಬ್ರಿಟಿಷರ ಕಂಪನಿಯೊಂದು ಚಿನ್ನ ತೆಗೆಯಲು ಬಂದು, ಆಳುಗಳಿಗೆ ಸಾಲುಮನೆ, ಸಾಹೇಬನಿಗೆ ಬಂಗಲೆ, ಒಂದು ಅಂಚೆಮನೆ, ಒಂದು ಪುಟ್ಟ ಚರ್ಚು ಕಟ್ಟಿಕೊಂಡು, ಕೆಲವು ವರ್ಷ ಗುಡ್ಡವನ್ನು ಕೊರೆದು ಬಿಟ್ಟುಹೋಗಿತ್ತು. ಆಮೇಲೆ ಕಾಡು ಅದನ್ನು ಮುಚ್ಚಿತ್ತು. ಈಚೆಗೆ ಪೊದೆ ಕಡಿದು, ಹೆಂಚು ಹೊದಿಸಿ, ಬೋರ್ಡು ನೆಟ್ಟು, ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಿದ್ದರು. ಸಾಲುಮನೆಯ ಒಳಗೆ ಹಳೆಯ ಕಾಲದ ಒಲೆ, ಮಡಕೆ, ಗೋಡೆಗೆ ಒರಗಿಸಿದ ಹಾರೆ. ಒಂದು ಕೋಣೆಯಲ್ಲಿ ಹಗ್ಗದ ಮಂಚದ ಮೇಲೆ ಕಂಬಳಿ ಮಡಿಸಿಟ್ಟಿದ್ದರು, ಮಲಗಿದ್ದವನು ಈಗ ತಾನೆ ಎದ್ದುಹೋದ ಹಾಗೆ. ಕೋಮಲಳಿಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ಕಲ್ಲು ಪುಡಿ ಮಾಡುವ ದೊಡ್ಡ ಯಂತ್ರದ ನೆರಳಲ್ಲಿ ಕೂತು ಊಟ ಮಾಡಿದರು. ರಂಜನಿ ಅಜ್ಜಿಯ ಕೈತುತ್ತನ್ನೇ ತಿಂದಳು. ಕೋಮಲ ಚಿತ್ರಾನ್ನದ ಡಬ್ಬಿಯನ್ನು ಮುಚ್ಚಿ ಒಳಗಿಟ್ಟಳು.

ಸುರಂಗ ತೋರಿಸಲು ಚಿಕ್ಕಮಾದಪ್ಪ ಎಂಬ ಕಾವಲುಗಾರನಿದ್ದ. ಖಾಕಿ ಅಂಗಿ, ಕೊರಳಲ್ಲಿ ಟವೆಲು. ಒಳಗೆ ಹೋಗುವವರಿಗೆಲ್ಲ ಹಳದಿ ಹೆಲ್ಮೆಟ್ ಹಂಚುತ್ತಿದ್ದ.

“ನಾನ್ ಬರಾಕಿಲ್ಲ. ಮಂಡಿ ನೋವು,” ಎಂದು ಸುವರ್ಣಮ್ಮ ಹೊಂಗೆ ಮರದ ಕೆಳಗೆ ಕೂತಳು. “ಮಗಾನೂ ಬ್ಯಾಡ.”

“ನಾನ್ ಓಗ್ಬೇಕು,” ಎಂದಳು ರಂಜನಿ. “ಚಿನ್ನ ನೋಡ್ಬೇಕು.”

“ಓಗ್ಲಿ ಬಿಡಿ ಅತ್ತೆ, ನಾನಿರ್ತೀನಲ್ಲ,” ಎಂದ ಶಿವಕುಮಾರಸ್ವಾಮಿ. ಅಷ್ಟರಲ್ಲಿ ಅವನಿಗೆ ಅರಿಶಿನದ ಮಂಡಿಯಿಂದ ಫೋನು ಬಂತು. ಮಾತು ಕಡಿದು ಕಡಿದು ಕೇಳಿಸುತ್ತಿತ್ತು. ಸಿಗ್ನಲ್ ಸಿಗುವ ಕಡೆಗೆಂದು ಬಂಗಲೆಯ ದಿಬ್ಬ ಹತ್ತುತ್ತ, “ನೀವ್ ನಡೀರಿ, ಬಂದೆ,” ಎಂದು ಕೈಮಾಡಿದ. ಸುರಂಗದ ಬಾಯಲ್ಲಿ ಕಾಲೇಜು ಹುಡುಗರ ಒಂದು ಗುಂಪು ಆಗಲೇ ಒಳಗೆ ಕಾಲಿಡುತ್ತಿತ್ತು. ರಂಜನಿ ಅವರ ಹಿಂದೆ ಓಡಿದಳು. ಕೋಮಲ ರಂಜನಿಯ ಹಿಂದೆ.

“ಕೈ ಇಡ್ಕೊಳಮ್ಮ,” ಎಂದಳು.

ರಂಜನಿ ಎರಡೂ ಕೈಯನ್ನು ಹೆಲ್ಮೆಟ್ಟಿನ ಮೇಲೆ ಇಟ್ಟುಕೊಂಡಳು. “ಇದು ಬಿದ್ದೋಯ್ತದೆ.”

ಒಳಗೆ ತಂಪಿತ್ತು. ಬಾವಲಿಯ ಗಬ್ಬು. ಗೋಡೆಯುದ್ದಕ್ಕೂ ವೈರು ಎಳೆದು ಬಲ್ಬು ತೂಗುಹಾಕಿದ್ದರು. ಕಲ್ಲಿನ ಮೇಲೆ ಉಳಿಯ ಗಾಯಗಳು ಸಾಲಾಗಿ ಕಾಣುತ್ತಿದ್ದವು. ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತಿತ್ತು. ಒಂದೆರಡು ತಿರುವು ಕಳೆಯುವ ಹೊತ್ತಿಗೆ ಹಿಂದಿನ ಬೆಳಕು ಕಾಣದಾಯಿತು.

“ಕರೆಂಟ್ ಕಂಬಾನ ಆನೆ ಬೀಳ್ಸ್‌ಬುಡ್ತು ಓದ ವಾರ. ಈಗ ಜನರೇಟ್ರೇ ಗತಿ,” ಎಂದ ಚಿಕ್ಕಮಾದಪ್ಪ.

“ಚಿನ್ನ ಎಲ್ಲದೆ?” ಎಂದು ರಂಜನಿ ಕೇಳಿದಳು.

“ಚಿನ್ನಾನ ಕಂಪ್ನಿಯೋರು ತಕಂಡ್ ಓದ್ರು ಕಣವ್ವ. ನಮ್ಗೆ ತೂತ್ ಉಳುಸವ್ರೆ.”

ಹುಡುಗರು ನಕ್ಕರು. ಸುರಂಗಕ್ಕೆ ಅಡ್ಡಲಾಗಿ ಕಬ್ಬಿಣದ ಸರಳಿನ ಗೇಟು ಬಂತು. ಬೀಗ ಹಾಕಿತ್ತು. ಅದರಾಚೆ ಬಲ್ಬು ಇರಲಿಲ್ಲ.

“ಇಲ್ಲಿಗ್ ಮುಗೀತು,” ಎಂದ ಚಿಕ್ಕಮಾದಪ್ಪ. “ಅತ್ಲಾಗೆ ಒಳಬಾವಿ ಅದೆ. ಸುರಂಗದೊಳ್ಗೇ ಕೆಳೀಕೆ ಇಳಿಯಾಕೆ ತೋಡಿರಾದು. ಮ್ಯಾಲೆ ಎಲ್ಡ್ ಹಲಗೆ ಆಕವ್ರೆ, ಅಷ್ಟೆಯ.”

ಒಬ್ಬ ಹುಡುಗ ಕಲ್ಲೊಂದನ್ನು ಸರಳಿನ ನಡುವಿನಿಂದ ಎಸೆದ. ಅದು ಹಲಗೆಗೆ ಬಡಿದು ಜಾರಿತು. ಆಮೇಲೆ ಏನೂ ಕೇಳಲಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತರು. ಇನ್ನು ಕೇಳುವುದಿಲ್ಲ ಎನ್ನುವಷ್ಟರಲ್ಲಿ, ತುಂಬ ಕೆಳಗಿನಿಂದ, ನೀರಿನ ಸದ್ದು ಬಂತು. ಕೋಮಲ ರಂಜನಿಯ ಭುಜ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಮಗು ಭುಜ ಕೊಸರಿಕೊಂಡಿತು.

ಆಗ ಬಲ್ಬುಗಳು ಆರಿದವು.

ಮನೆಯಲ್ಲಿ ಕರೆಂಟು ಹೋದಾಗಿನ ಕತ್ತಲೆ ಇದಾಗಿರಲಿಲ್ಲ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ತನ್ನ ಕೈ ಎಲ್ಲಿದೆಯೆಂದು ಕೋಮಲಳಿಗೆ ತಿಳಿಯಲಿಲ್ಲ.

“ಯಾರೂ ಅಲ್ಲಾಡ್ಬೇಡಿ. ಜನರೇಟ್ರು ನಿಂತದೆ. ಈಗ್ ಬತ್ತದೆ,” ಎಂದಿತು ಚಿಕ್ಕಮಾದಪ್ಪನ ದನಿ.

ಹುಡುಗರಲ್ಲೊಬ್ಬ ತಮಾಷೆಗೆ ನರಿಯಂತೆ ಊಳಿಟ್ಟ. ಊಳು ಕಲ್ಲಿಗೆ ಬಡಿದು ಇಮ್ಮಡಿಯಾಗಿ ಮರಳಿತು. ಬಾವಲಿಗಳು ಒಮ್ಮೆಲೇ ಎದ್ದವು. ಮುಖಕ್ಕೆ ರೆಕ್ಕೆ ಬಡಿಯುತ್ತಲೇ ಯಾರೋ ನಿಜವಾಗಿಯೇ ಕಿರುಚಿದರು. ಎಲ್ಲರೂ ಒಬ್ಬರನ್ನೊಬ್ಬರು ನೂಕಿಕೊಂಡು ಓಡತೊಡಗಿದರು. ಯಾರದೋ ಮೊಣಕೈ ಕೋಮಲಳ ಎದೆಗೆ ತಾಗಿ ಅವಳು ಗೋಡೆಗೆ ಬಿದ್ದಳು. ರಂಜನಿ ನಿಂತಿದ್ದ ಕಡೆಗೆ ಕೈಚಾಚಿದಳು. ಒದ್ದೆ ಕಲ್ಲು ಸಿಕ್ಕಿತು.

ಚಿಕ್ಕಮಾದಪ್ಪನ ಬ್ಯಾಟರಿ ಹೊತ್ತಿಕೊಂಡಿತು. ಬೆಳಕಿನಲ್ಲಿ ಓಡುವ ಕಾಲುಗಳಷ್ಟೇ ಕಂಡವು.

“ನಮ್ ಮಗು ಎಲ್ಲಿ?” ಎಂದಳು ಕೋಮಲ.

“ಪಾಪು ಮುಂದ್ಗಡೆ ಓಡೋಯ್ತು ಆಂಟಿ,” ಎಂದು ಒಬ್ಬ ಓಡುತ್ತಲೇ ಹೇಳಿದ.

“ಬನ್ನಿ ಅಕ್ಕ, ಈಚೆಗ್ ಓಗಿರ್ತದೆ,” ಎಂದ ಚಿಕ್ಕಮಾದಪ್ಪ. ತಿರುವಿನಲ್ಲಿ ಯಾರೋ ಬಿದ್ದು ನರಳಿದ ಸದ್ದಾಯಿತು. ಅವನು ಬೆಳಕು ಹಿಡಿದುಕೊಂಡು ಅತ್ತ ಓಡಿದ.

ಕೋಮಲ ಅವನ ಹಿಂದೆ ಸ್ವಲ್ಪ ದೂರ ನಡೆದಳು. ಆಗ ಬೆನ್ನ ಹಿಂದಿನಿಂದ ಸಣ್ಣಗೆ ಒಂದು ಸದ್ದು ಕೇಳಿತು. ಕಲ್ಲಿನ ಮೇಲೆ ಮರ ಕೂತ ಸದ್ದು. ಅವಳ ಕಾಲು ನಿಂತಿತು.

“ಅಣ್ಣ, ಇರಿ,” ಎಂದಳು. ಓಡುವ ಕಾಲುಗಳ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ. ಬೆಳಕು ತಿರುವು ದಾಟಿ ಮರೆಯಾಯಿತು.

ಫೋನಿನ ಟಾರ್ಚ್ ಹಚ್ಚಿ ಗೇಟಿನ ಕಡೆಗೆ ತಿರುಗಿದಳು. ಬೀಗ ಹಾಗೇ ಇತ್ತು. ಆದರೆ ಗೇಟಿನ ಆಚೆ, ನೆಲದ ಮೇಲೆ, ಹಳದಿ ಹೆಲ್ಮೆಟ್ಟೊಂದು ಮಗುಚಿ ಬಿದ್ದಿತ್ತು. ಗೋಡೆಯ ಮೂಲೆಯಲ್ಲಿ ಸರಳಿನ ಕೆಳಗೆ ಮಣ್ಣು ಕೆದಕಿ ಗುಂಡಿಯಾಗಿತ್ತು. ಮುಳ್ಳುಹಂದಿಯ ಎರಡು ಮುಳ್ಳು ಅಲ್ಲೇ ಉದುರಿದ್ದವು. ನೂಕಾಟದಲ್ಲಿ ಬಿದ್ದ ಮಗು ಗೋಡೆ ಸವರಿಕೊಂಡು ಅಂಬೆಗಾಲಲ್ಲಿ ಮುಂದೆ ಹೋಗಿದೆ, ಮೇಲೆ ಗೇಟಿದೆ ಎಂದು ತಿಳಿಯದೆಯೇ ಅದರಡಿ ನುಸುಳಿದೆ.

“ರಂಜನೀ.”

ಅವಳ ಕೂಗೇ ಕಲ್ಲಿಗೆ ಬಡಿದು ಮರಳಿತು. ಹೊರಗೆ ಓಡಿಹೋಗಿ ಹೇಳಬೇಕೆನಿಸಿತು. ಹೇಳಿ, ಅವರು ಬಂದು, ಬೀಗ ತೆಗೆಯುವಷ್ಟರಲ್ಲಿ? ಹೊಂಗೆ ಮರದ ಕೆಳಗೆ ಕೂತ ಸುವರ್ಣಮ್ಮನ ಮುಖ ಕಣ್ಣಿಗೆ ಕಟ್ಟಿತು. ಮಲತಾಯಿ ಒಬ್ಬಳೇ ಕರೆದುಕೊಂಡು ಹೋದಳಂತೆ. ಮಗು ಬಾವಿಗೆ ಬಿತ್ತಂತೆ. ಶಾಗ್ಯದಿಂದ ಯಳಂದೂರಿನವರೆಗೆ ಜನ ಆಡುವ ಮಾತು ಅವಳ ಕಿವಿಯಲ್ಲಿ ಆಗಲೇ ಮೊಳಗುತ್ತಿತ್ತು. ಮಗು ಸತ್ತಿರಬಹುದು ಎನ್ನುವುದಕ್ಕಿಂತ ಮೊದಲು ಆ ಮಾತು ಕೇಳಿಸಿತಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಭಯವಾಯಿತು.

“ಅವ್ವಾ,” ಎಂದಿತು ಕತ್ತಲೊಳಗಿನಿಂದ ಒಂದು ಸಣ್ಣ ದನಿ.

ಯಾರನ್ನು ಕರೆಯುತ್ತಿದೆಯೆಂದು ಕೋಮಲಳಿಗೆ ಗೊತ್ತಿತ್ತು. ಹೂಂ ಎಂದುಬಿಡಬಹುದಿತ್ತು. ಆದರೆ ಅವಳ ಬಾಯಿಂದ ಬಂದದ್ದು, “ನಾನು ಕೋಮಲ ಕಣಮ್ಮ.”

ಮರ ಮತ್ತೆ ಕಲ್ಲಿನ ಮೇಲೆ ಟಕ್ಕೆಂದಿತು.

“ನೀವ್ ಬರ್ಬೇಡಿ,” ಎಂದಳು ರಂಜನಿ. “ಇಲ್ಲಿ ನೆಲ ಇಲ್ಲ.”

ಕೋಮಲ ಹೊಟ್ಟೆಯ ಮೇಲೆ ಮಲಗಿ ಗುಂಡಿಯೊಳಕ್ಕೆ ತಲೆ ತೂರಿಸಿದಳು. ಹೆಗಲು ದಾಟಿತು. ಸೊಂಟ ಸಿಕ್ಕಿಹಾಕಿಕೊಂಡಿತು. ಸರಳಿನ ತುದಿ ಬೆನ್ನಿಗೆ ಒತ್ತಿ, ಮುಂದೂ ಹೋಗಲಾರದೆ ಹಿಂದೂ ಬರಲಾರದೆ, ಮೇಲಿನ ಗುಡ್ಡವೆಲ್ಲ ತನ್ನ ಮೇಲೆ ಕೂತಂತೆನಿಸಿ ಉಸಿರು ಕಟ್ಟಿತು. ಬಾಯಿಗೆ ಮಣ್ಣು ಬಂತು. ಕಾಲಿನಿಂದ ನೆಲ ಒದ್ದು ಒದ್ದು ಕೊನೆಗೆ ಆಚೆ ಬಂದಾಗ ಬೆನ್ನು ಉರಿಯುತ್ತಿತ್ತು.

ಫೋನನ್ನು ಎತ್ತಿ ಹಿಡಿದಳು. ಗೇಟಿನಿಂದ ಆಳೆತ್ತರದಷ್ಟು ದೂರಕ್ಕೆ ನೆಲ ಮುಗಿದಿತ್ತು. ಮುಂದೆ ಚೌಕಾಕಾರದ ಕಪ್ಪು. ಅದರ ಮೇಲೆ ಅಡ್ಡ ಹಾಕಿದ್ದ ಹಲಗೆಗಳಲ್ಲಿ ಒಂದು ನಡುವೆ ಮುರಿದು ನೇತಾಡುತ್ತಿತ್ತು. ಇನ್ನೊಂದರ ಮೇಲೆ ರಂಜನಿ ಕಪ್ಪೆಯಂತೆ ಅವುಚಿಕೊಂಡಿದ್ದಳು. ಅವಳು ಉಸಿರಾಡಿದಾಗಲೆಲ್ಲ ಹಲಗೆಯ ತುದಿ ಕಲ್ಲಿನ ಮೇಲೆ ಟಕ್ಕೆಂದು ಎದ್ದು ಕೂರುತ್ತಿತ್ತು.

“ಅಲ್ಲಾಡ್ಬೇಡ,” ಎಂದಳು ಕೋಮಲ. “ನನ್ನೇ ನೋಡು.”

“ನಂಗ್ ಕಾಣ್ತಿಲ್ಲ. ಲೈಟು ಕಣ್ಗೊಡೀತದೆ.”

ಕೋಮಲ ಫೋನನ್ನು ಹಲಗೆಯ ಈಚೆ ತುದಿಯ ಮೇಲೆ, ಬೆಳಕು ಮೇಲಕ್ಕೆ ಬೀಳುವಂತೆ ಇಟ್ಟಳು. ಹಲಗೆಯ ಮೇಲೆ ಕೈಯೂರಿ ನೋಡಿದಳು. ಮರ ಒದ್ದೆ ರೊಟ್ಟಿಯಂತೆ ಮೆತ್ತಗಿತ್ತು. ಅವಳ ಭಾರವನ್ನು ಅದು ತಡೆಯುವುದಿಲ್ಲ. ಕೈಚಾಚಿದರೆ ಮಗುವಿನ ಬೆರಳಿಗೂ ತನ್ನ ಬೆರಳಿಗೂ ನಡುವೆ ಇನ್ನೂ ಒಂದು ತೋಳಿನಷ್ಟು ಜಾಗ ಉಳಿಯುತ್ತಿತ್ತು.

ಅವಳು ಎದ್ದು ನಿಂತು ಸೀರೆ ಬಿಚ್ಚಿದಳು. ದಿನಬಳಕೆಯ ಪಾಲಿಯೆಸ್ಟರ್ ಸೀರೆ. ಒಂದು ತುದಿಯನ್ನು ಗೇಟಿನ ಸರಳಿಗೆ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದಳು. ಮೊದಲ ಗಂಟು ಕೂರಲಿಲ್ಲ, ಬಿಚ್ಚಿ ಮತ್ತೆ ಹಾಕಿದಳು. ಇನ್ನೊಂದು ತುದಿಯನ್ನು ಉಂಡೆ ಮಾಡಿ ಎಸೆದಳು. ಅದು ಮಗುವಿನ ಪಕ್ಕದಲ್ಲಿ ಜಾರಿ ಬಾವಿಯೊಳಕ್ಕೆ ಇಳಿಬಿತ್ತು. ಎಳೆದುಕೊಂಡು, ತುದಿಯನ್ನು ತನ್ನ ಹೆಲ್ಮೆಟ್ಟಿನ ಪಟ್ಟಿಗೆ ಸಿಕ್ಕಿಸಿ ಮತ್ತೆ ಎಸೆದಳು. ರಂಜನಿಯ ಕೈಗೆ ಬಟ್ಟೆ ತಾಗಿತು.

“ಹೆಲ್ಮೆಟ್ ಕಳಚಿ, ಕಂಕುಳ ಕೆಳೀಕೆ ಸುತ್ಕೊ. ಅಂಗೇ. ಇನ್ನೊಂದ್ ಸುತ್ತು. ಎದೆ ಮ್ಯಾಲೆ ಗಂಟಾಕು.”

“ನಂಗ್ ಗಂಟಾಕಕ್ ಬರಲ್ಲ,” ಎಂದು ಮಗು ಅಳತೊಡಗಿತು. “ನೀವೇ ಹಾಕ್ತೀರಲ್ಲ ದಿನಾ. ಶೂಗೆ.”

“ನಾನ್ ಹೇಳ್ದಂಗ್ ಮಾಡು. ಒಂದರ ಮ್ಯಾಲೆ ಒಂದು ಆಕಿ ಒಳಗಿಂದ ತೂರ್ಸು. ಜೋರಾಗ್ ಎಳಿ. ಇನ್ನೊಂದ್ ಸಲ.”

ಆ ಪುಟ್ಟ ಬೆರಳುಗಳು ಗಂಟು ಹಾಕುವುದನ್ನು ಕೋಮಲ ಉಸಿರು ಬಿಗಿಹಿಡಿದು ನೋಡಿದಳು. ಗಂಟು ಸರಿಯಾಗಿದೆಯೋ ಇಲ್ಲವೋ ಆ ಬೆಳಕಿನಲ್ಲಿ ಹೇಳುವಂತಿರಲಿಲ್ಲ.

“ಈಗ ನನ್ ಕಡೆ ತೆವಳ್ಕಂಡ್ ಬಾ. ನಿಧಾನ.”

ರಂಜನಿ ಒಂದು ಮೊಣಕಾಲು ಸರಿಸಿದಳು. ಹಲಗೆ ಮುಂದಕ್ಕೆ ವಾಲಿತು. ಈಚೆ ತುದಿಯಲ್ಲಿದ್ದ ಫೋನು ಮೆಲ್ಲಗೆ ಜಾರಿ, ಅಂಚು ದಾಟಿ ಬಿತ್ತು. ಬೆಳಕು ತಿರುಗುತ್ತ ತಿರುಗುತ್ತ ಕೆಳಗಿಳಿಯಿತು. ಕಲ್ಲಿನ ಗೋಡೆ, ಮತ್ತೆ ಗೋಡೆ, ಒಂದು ಮುರಿದ ಏಣಿ, ಮತ್ತೆ ಗೋಡೆ. ಬೆಳಕು ಮಿಣುಕು ಹುಳುವಿನಷ್ಟಾಗಿ, ಒಂದು ಗಳಿಗೆ ಹಸಿರು ನೀರನ್ನು ತೋರಿಸಿ ಆರಿಹೋಯಿತು. ಇಬ್ಬರೂ ಅದನ್ನು ನೋಡಿದರು.

ಅದೇ ಹೊತ್ತಿಗೆ ಹಲಗೆ ಲಟ್ಟೆಂದಿತು.

ಕತ್ತಲೆಯಲ್ಲಿ ಮಗು ಕಿರುಚಲಿಲ್ಲ. ಸೀರೆ ಮಾತ್ರ ಕೋಮಲಳ ಅಂಗೈಯನ್ನು ಸುಟ್ಟುಕೊಂಡು ಸರಿದು, ತಟ್ಟನೆ ಬಿಗಿಯಾಗಿ ನಿಂತಿತು. ಗೇಟು ಕಿರುಗುಟ್ಟಿತು. ಕೋಮಲ ಕೂತು, ಎರಡೂ ಕಾಲನ್ನು ಬಾವಿಯ ಅಂಚಿನ ಕಲ್ಲಿಗೆ ಒತ್ತುಕೊಟ್ಟು, ಬಾವಿಯಿಂದ ಕೊಡ ಸೇದುವ ಹಾಗೆ ಸೇದಿದಳು. ಕೊಡದಂತಲ್ಲ, ಈ ಭಾರ ಒದ್ದಾಡುತ್ತಿತ್ತು. ಯಾವ ದೇವರ ಹೆಸರು ಹೇಳಿದಳೋ ಅವಳಿಗೇ ನೆನಪಿಲ್ಲ. ಗಂಟು ಜಾರುತ್ತಿದೆಯೆಂದು ಒಮ್ಮೆ ಅನಿಸಿತು. ಆಮೇಲೆ ಕೈಗೆ ಕೂದಲು ಸಿಕ್ಕಿತು. ಜಡೆ. ಜಡೆಯನ್ನು ಹಿಡಿದಳು, ಫ್ರಾಕಿನ ಬೆನ್ನನ್ನು ಹಿಡಿದಳು, ಎಳೆದು ತನ್ನ ಮೈಮೇಲೆ ಹಾಕಿಕೊಂಡು ಹಿಂದಕ್ಕೆ ತೆವಳಿ ಗೇಟಿಗೆ ಬೆನ್ನು ತಾಗುವವರೆಗೆ ನಿಲ್ಲಲಿಲ್ಲ.

ಇಬ್ಬರೂ ಹಾಗೇ ಕೂತರು. ಮಗುವಿನ ಫ್ರಾಕು ಒದ್ದೆಯಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಅದು ತನ್ನ ಹಲ್ಲೋ ಮಗುವಿನದೋ ಕೋಮಲಳಿಗೆ ತಿಳಿಯಲಿಲ್ಲ. ಮಗುವನ್ನು ಗುಂಡಿಯಲ್ಲಿ ತೂರಿಸಬೇಕೆಂದರೆ ಕೈ ಬಿಡಬೇಕು. ಅವಳಿಂದ ಬಿಡಲಾಗಲಿಲ್ಲ.

“ನಾನ್ ಕರ್ದಿದ್ದು ನಮ್ಮವ್ವನ್ನ,” ಎಂದಳು ರಂಜನಿ.

“ಗೊತ್ತು ಕಣಮ್ಮ.”

ಮಗು ಕೋಮಲಳ ಬ್ಲೌಸಿನ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು.

ಕೊನೆಗೆ ತಿರುವಿನಲ್ಲಿ ಬೆಳಕು ಕಂಡಿತು. ಚಿಕ್ಕಮಾದಪ್ಪನೂ ಶಿವಕುಮಾರಸ್ವಾಮಿಯೂ ಹೆಸರು ಕೂಗುತ್ತ ಓಡಿಬಂದರು. ಗೇಟಿನ ಆಚೆ ಅವರಿಬ್ಬರನ್ನು ಕಂಡದ್ದೇ ಚಿಕ್ಕಮಾದಪ್ಪನ ಕೈಯಲ್ಲಿದ್ದ ಬೀಗದ ಕೈ ಕೆಳಗೆ ಬಿತ್ತು. ಮುರಿದ ಹಲಗೆಯತ್ತ ಬೆಳಕು ಹಿಡಿದ ಶಿವಕುಮಾರಸ್ವಾಮಿ ಗೋಡೆಗೆ ಒರಗಿ ನಿಂತುಬಿಟ್ಟ. ಗೇಟು ತೆರೆದ ಮೇಲೆ ಅಂಗಿ ಬಿಚ್ಚಿ ಹೆಂಡತಿಗೆ ತೊಡಿಸಿದ. ಸರಳಿನಿಂದ ಸೀರೆಯ ಗಂಟು ಬಿಚ್ಚಲು ಬರದೆ ಚಿಕ್ಕಮಾದಪ್ಪ ಅದನ್ನು ಅಲ್ಲೇ ಬಿಟ್ಟ.

ಸುರಂಗದ ಬಾಯಲ್ಲಿ ಬಿಸಿಲು ಕಣ್ಣಿಗೆ ಚುಚ್ಚಿತು. ಜನ ಸೇರಿದ್ದರು. ಮಂಡಿ ನೋವಿನ ಸುವರ್ಣಮ್ಮ ಯಾರೋ ಇಬ್ಬರು ಹುಡುಗರ ಹಿಡಿತ ಬಿಡಿಸಿಕೊಂಡು ಒಳಗೆ ನುಗ್ಗಲು ನೋಡುತ್ತಿದ್ದಳು. ರಂಜನಿಯನ್ನು ಕಂಡವಳೇ ಬೆನ್ನಿಗೆ ಒಂದು ಗುದ್ದಿ, ನಂತರ ಎತ್ತಿ ತಬ್ಬಿಕೊಂಡು ನೆಲಕ್ಕೆ ಕುಸಿದಳು.

“ಬ್ಯಾಡ ಅಂತ ಬಡ್ಕಂಡೆ,” ಎಂದಳು ಕೋಮಲಳತ್ತ ತಿರುಗಿ. “ಇದ್ದದ್ದೊಂದು ಕುಡಿ. ಅದ್ನೂ ನುಂಗಾಕ್ ಕರ್ಕಂಡ್ ಓದ್ಯಾ?”

ಕೋಮಲ ಲಂಗದಲ್ಲಿ, ಗಂಡನ ಅಂಗಿಯಲ್ಲಿ, ಮೈತುಂಬ ಕೆಸರಾಗಿ ನಿಂತಿದ್ದಳು. ಜನ ನೋಡುತ್ತಿದ್ದರು. ಒಳಗೆ ಇದ್ದಾಗ ಬಾರದಿದ್ದ ಅಳು ಈಗ ಬಂತು. ಯಾರೋ ಹೆಂಗಸು ಒಂದು ದುಪ್ಪಟ್ಟಾ ಕೊಟ್ಟಳು.

ಕಾರಿನ ಮುಂದಿನ ಸೀಟಿನಲ್ಲಿ ಕೂತ ಕೋಮಲ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎರಡರಲ್ಲೂ ಚರ್ಮ ಸುಲಿದು ಕೆಂಪಾಗಿತ್ತು. ರಸ್ತೆಯ ಗುಂಡಿಗೆ ಕಾರು ಇಳಿದಾಗಲೆಲ್ಲ ಅವಳ ಕಾಲು ತಾನಾಗಿಯೇ ಮುಂದಕ್ಕೆ ಒದೆಯುತ್ತಿತ್ತು. ಎದುರಿನ ಗಾಜಿನಲ್ಲಿ ಹೊಲ, ಮರ, ದನ ಕಾಣುತ್ತಿದ್ದರೂ ಅವಳಿಗೆ ತಿರುಗುತ್ತ ಇಳಿಯುವ ಬೆಳಕೇ ಕಾಣುತ್ತಿತ್ತು.

ಲೊಕ್ಕನಹಳ್ಳಿಯ ಹತ್ತಿರ ರಂಜನಿ ಹಿಂದಿನಿಂದ ಮಾತಾಡಿದಳು. “ಅಜ್ಜಿ, ನಾನ್ ಹಲಗೆ ಮೇಲಿದ್ದೆ. ಬರ್ಬೇಡಿ ಅಂದೆ. ಆದ್ರೂ ಬಂದ್ರು ಇವ್ರು.”

“ಯಾವ್ ಹಲಗೆ?” ಎಂದಳು ಸುವರ್ಣಮ್ಮ. ಬಾವಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಮಗು ಕತ್ತಲೆಯಲ್ಲಿ ತಪ್ಪಿಸಿಕೊಂಡಿತ್ತು ಎಂದಷ್ಟೇ ತಿಳಿದಿದ್ದಳು.

ಶಿವಕುಮಾರಸ್ವಾಮಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಸ್ಟಿಯರಿಂಗ್ ಹಿಡಿದೇ, ತಾನು ಕಂಡದ್ದನ್ನು ಹೇಳಿದ. ಗೇಟಿನ ಕೆಳಗಿನ ಗುಂಡಿ, ಬಾವಿ, ಸೀರೆ. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಸುವರ್ಣಮ್ಮ ಕೊನೆಯವರೆಗೂ ಕೇಳಿದಳು. ಮಗುವಿನ ಫ್ರಾಕು ಸರಿಸಿ ಕಂಕುಳ ಕೆಳಗೆ ನೋಡಿದಳು. ಬಟ್ಟೆ ಬಿಗಿದ ಗುರುತು ಬಾಸುಂಡೆಯಾಗಿ ಎದ್ದಿತ್ತು. ಅದನ್ನು ಬೆರಳಿನಿಂದ ಸವರಿದಳು. ಕಾರು ಮತ್ತೆ ಹೊರಟಿತು.

ಶಾಗ್ಯಕ್ಕೆ ತಿರುಗುವ ಕವಲು ಬಂದಾಗ ಸುವರ್ಣಮ್ಮ, “ಇಲ್ಲಿಂದ ನಮ್ಮೂರ್ಗೆ ಓಡಿಸಿ,” ಎಂದಳು.

ಕೋಮಲಳ ಎದೆ ಮತ್ತೆ ಧಸಕ್ಕೆಂದಿತು. ಅಂತೂ ಮಗುವನ್ನು ಕರೆದುಕೊಂಡು ಹೋಗುತ್ತಾಳೆ. ತಡೆಯಲು ತನಗೆ ಯಾವ ಬಾಯಿಯೂ ಇಲ್ಲ ಎಂದುಕೊಂಡಳು.

“ಮಗ ರಾತ್ರಿ ಬೆಚ್ಚಿ ಬೀಳ್ತದೆ,” ಎಂದಳು ಸುವರ್ಣಮ್ಮ, ಕಿಟಕಿಯ ಆಚೆ ನೋಡುತ್ತ. “ಅಲ್ಲಿ ಏನ್ ನೋಡ್ತೋ ನಂಗೇನ್ ಗೊತ್ತು? ನಾನೊಬ್ಳೇ ಏನಂತ ಸಮಾಧಾನ ಮಾಡ್ಲಿ? ನೀನೂ ಬಾ. ನಾಕ್ ದಿನ ಇದ್ದು, ಇಬ್ರೂ ಜೊತೇಲಿ ಓಗೀರಂತೆ.”

ಜೊತೆಯಲ್ಲಿ ಎಂದದ್ದನ್ನು ಕೋಮಲ ಕೇಳಿಸಿಕೊಂಡಳು. ಸರಿಯಾಗಿ ಕೇಳಿತೋ ಇಲ್ಲವೋ ಎಂದು ಗಂಡನ ಮುಖ ನೋಡಿದಳು. ಅವನು ಕಾರು ತಿರುಗಿಸುತ್ತಿದ್ದ.

ಶಾಗ್ಯ ತಲುಪಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಸುವರ್ಣಮ್ಮ ಬಿಸಿನೀರು ಕಾಯಿಸಿ ಮಗುವಿಗೆ ಸ್ನಾನ ಮಾಡಿಸಿದಳು. ಕೋಮಲಳಿಗೆ ಬೀರುವಿನಿಂದ ಒಂದು ಸೀರೆ ತೆಗೆದುಕೊಟ್ಟಳು. ತನ್ನದೋ ಮಗಳದೋ ಹೇಳಲಿಲ್ಲ. ಅಂಗೈಗೆ ಅರಿಶಿನ, ಎಣ್ಣೆ ಹಚ್ಚಿ ಬಟ್ಟೆ ಸುತ್ತಿದಳು.

ಆಮೇಲೆ ರಂಜನಿಯನ್ನು ಹಜಾರದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಲು ನಿಂತಳು. ಬಾಗಿಲ ಬಳಿ ನಿಂತಿದ್ದ ಕೋಮಲಳನ್ನು ನೋಡಿದಳು.

“ನೀನೂ ಕುಂತ್ಕೊ. ಅದರ್ ಪಕ್ಕ.”

ಕೋಮಲ ಕೂತಳು. ರಂಜನಿ ಸ್ವಲ್ಪ ಜರುಗಿ ಜಾಗ ಕೊಟ್ಟಳು. ಸುವರ್ಣಮ್ಮನ ಮುಷ್ಟಿ ಇಬ್ಬರ ತಲೆಯ ಸುತ್ತ ತಿರುಗಿತು. ಅವರವರ ಕಣ್ಣು, ಇವರಿವರ ಕಣ್ಣು ಎಂದು ಅವಳು ಗೊಣಗುತ್ತಿದ್ದುದು ಒಂದು ಕಡೆ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. ಒಲೆಯ ಕೆಂಡಕ್ಕೆ ಮೆಣಸಿನಕಾಯಿ ಹಾಕಿದಾಗ ಘಾಟು ಮನೆಯೆಲ್ಲ ಅಡರಿತು. ಹೊರಗೆ ಜಗಲಿಯಲ್ಲಿದ್ದ ಶಿವಕುಮಾರಸ್ವಾಮಿಯೂ ಕೆಮ್ಮತೊಡಗಿದ.

“ಘಾಟ್ ಬತ್ತದೆ. ದೃಷ್ಟಿ ಅಲ್ಲ ಇದು,” ಎಂದಳು ಸುವರ್ಣಮ್ಮ, ಕೆಮ್ಮುತ್ತ. “ಬರೀ ಭಯ.”

“ಓಯ್ತದಾ ಅಜ್ಜಿ?” ಎಂದು ಕೋಮಲ ಕೇಳಿದಳು.

ಸುವರ್ಣಮ್ಮ ಕೈಗಂಟಿದ ಉಪ್ಪನ್ನು ಕೊಡವಿದಳು. “ನಂದಿನ್ನೂ ಓಗಿಲ್ಲ,” ಎಂದಳು. “ಅನ್ನ ಬಸೀತೀನಿ, ಉಣ್ಣೋರಂತೆ.”

ರಂಜನಿ ಎದ್ದು ಅಜ್ಜಿಯ ಹಿಂದೆ ಅಡುಗೆಮನೆಗೆ ಹೋದಳು. ಒಳಗೆ ಕತ್ತಲಾಗಿತ್ತು. ಹೊಸಲಿನ ಬಳಿ ನಿಂತು, ಹಿಂದಕ್ಕೆ ತಿರುಗಿ, “ನೀವೂ ಬನ್ನಿ,” ಎಂದಳು.